ಕುಂತ ಚಾರ್ಜು

ಆ ದಿನ ಬೆಳಿಗ್ಗೆ ಪಾಲಯ್ಯನ ಕೂಲರು ಕಟಕಟ ಅನ್ನತೊಡಗಿತು. ಬೇರೆಯವರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಪಾಲಯ್ಯನಿಗೆ ಒಳಗೊಳಗೇ ಖುಷಿಯಾಯಿತು. ಕೂಲರು ಕೆಟ್ಟರೆ ರಿಪೇರಿಯ ದುರುಗೇಶ್ ಬರುತ್ತಾನೆ. ದುರುಗೇಶ್ ಬಂದರೆ ಮನೆಯಲ್ಲಿ ಇನ್ನೊಂದು ಲೋಟ ತೊಳೆಯುವ ಕೆಲಸ ಬೀಳುತ್ತದೆ.

ತುಂಗಭದ್ರಾ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಪಾಲಯ್ಯ ಒಬ್ಬನೇ. ಕಾಲುವೆಯ ನೀರು ಅಳೆಯುತ್ತ ಅಳೆಯುತ್ತ ಮದುವೆಯ ವಯಸ್ಸು ಹರಿದುಹೋಗಿತ್ತು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರಂತೂ ಅಳೆಯಲು ನೀರೂ ಇಲ್ಲ, ಮಾತಿಗೆ ಕಂಪ್ಲಿ ಕಡೆಯ ರೈತರೂ ಇಲ್ಲ. ಗೋಡೆಯಾಚೆ ದುರ್ಗಕ್ಕ ಇದ್ದಳು, ಗಂಡನನ್ನು ಕಳೆದುಕೊಂಡವಳು. ಆದರೆ ಒಂಟಿ ಗಂಡಸು ಒಂಟಿ ಹೆಂಗಸಿನ ಬಾಗಿಲಲ್ಲಿ ನಿಂತು ಹರಟಿದರೆ ಓಣಿಯ ಬಾಯಿ ಮುಚ್ಚಲು ಡ್ಯಾಮಿನ ಗೇಟುಗಳೂ ಸಾಲವು. ಹಾಗಾಗಿ ಎಷ್ಟೋ ವರ್ಷದಿಂದ ಇಬ್ಬರ ನಡುವೆ “ನಳ ಬಂತೇನ್ರಿ?”, “ಬಂತ್ರಿ” ಇಷ್ಟೇ ವ್ಯವಹಾರ.

ದುರುಗೇಶ್ ಬಂದ, ಕೂಲರು ಬಿಚ್ಚಿದ, ಒಂದು ತಿರುಪು ಬಿಗಿದ, ಮುಚ್ಚಿದ. ಕೆಲಸ ಇಷ್ಟು ಬೇಗ ಮುಗಿದದ್ದು ಪಾಲಯ್ಯನಿಗೆ ಸೇರಲಿಲ್ಲ.

“ಕುಂದ್ರಪಾ, ಚಾ ಕುಡದು ಹೋಗು. ಒಗ್ಗರಣಿ ಮಂಡಕ್ಕಿ ಮಾಡೀನಿ.”

ದುರುಗೇಶ್ ಕೂತ. ಪಾಲಯ್ಯ ಒಂದು ಎಮ್ಮೆಯ ಕತೆ ತೆಗೆದ. ಡ್ಯಾಮಿನ ಹತ್ತಿರ ಕಾಲುವೆಗೆ ಬಿದ್ದ ಎಮ್ಮೆಯೊಂದು ತೇಲುತ್ತ ಹೋಗಿ ಕಂಪ್ಲಿಯ ಒಂದು ಮದುವೆಮನೆಯ ಹಿತ್ತಲಲ್ಲಿ ಎದ್ದದ್ದು, ಗಂಡಿನ ಕಡೆಯವರು ಅದನ್ನು ಬೀಗರ ಉಡುಗೊರೆಯೆಂದು ತಿಳಿದು ಅರಿಶಿನ ಕುಂಕುಮ ಹಚ್ಚಿದ್ದು, ಮರುದಿನ ಒಡೆಯ ಬಂದು ಹಗ್ಗ ಹಿಡಿದರೆ ಎಮ್ಮೆಯೇ ಹೋಗಲು ಒಪ್ಪದೆ ಕಾಲೂರಿ ನಿಂತದ್ದು. ದುರುಗೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು ಕೇಳಿ ಪಾಲಯ್ಯನ ಎದೆ ತಂಪಾಯಿತು; ಕೂಲರು ಅಷ್ಟು ತಂಪು ಎಂದೂ ಕೊಟ್ಟಿರಲಿಲ್ಲ.

ಆಮೇಲೆ ದುರುಗೇಶ್ ಕೈ ಒರೆಸಿಕೊಂಡು ಲೆಕ್ಕ ಒಪ್ಪಿಸಿದ. “ಬಂದದ್ದಕ್ಕ, ಬಿಚ್ಚಿದ್ದಕ್ಕ, ಮತ್ತ ಮುಚ್ಚಿದ್ದಕ್ಕ. ಆಮ್ಯಾಲೆ ಕುಂತದ್ದಕ್ಕ.”

“ಕುಂತದ್ದಕ್ಕ?”

“ಹೂನ್ರಿ ಅಣ್ಣಾ, ಕುಂತ ಚಾರ್ಜು. ಈ ತಿಂಗಳಿಂದ ಶುರು ಮಾಡೀನಿ. ನಾ ಇಲ್ಲಿ ಕುಂತ್ರ ಹೊಸಪ್ಯಾಟಿ ಕೆಲಸ ನಿಂದ್ರತೈತಿ.”

“ಲೇ, ನನ್ನ ಮಂಡಕ್ಕಿ ತಿಂದು, ನನ್ನ ಕತಿ ಕೇಳಿ ನಕ್ಕಿ!”

“ಮಂಡಕ್ಕಿದು ಕಳದೀನ್ರಿ. ನಗಿ ಫ್ರೀ.”

ಪಾಲಯ್ಯನಿಗೆ ದುಡ್ಡಿನ ನೋವಲ್ಲ. ಈ ಹುಡುಗ ತನ್ನ ಮೇಲಿನ ಪ್ರೀತಿಗೆ ಕೂರುತ್ತಾನೆಂದು ಅವನು ನಂಬಿದ್ದ. ದನಿ ತಾನಾಗಿಯೇ ಏರಿತು. ಎದುರುಮನೆಯ ಓಬಳೇಶ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದ. ಹಿಂದೆಯೇ ಸೌಟು ಹಿಡಿದು ದುರ್ಗಕ್ಕ.

“ಕುಂತು ಉಣ್ಣಾವಗ ಕುಡಿಕಿ ಹೊನ್ನು ಸಾಲದು ಅಂತಾರ,” ಎಂದ ಓಬಳೇಶ. “ಇವ ಕುಂತು ಉಂಡು ಕುಡಿಕಿನೂ ಒಯ್ಯಾಕ ನಿಂತಾನ!”

“ನಾಚಿಕಿ ಬರಂಗಿಲ್ಲೇನಲೇ ದುರುಗೇಶಾ?” ದುರ್ಗಕ್ಕ ಸೌಟು ಎತ್ತಿದಳು. “ಮನಿಗೆ ಬಂದು ಕುಂತದ್ದಕ್ಕ ರೊಕ್ಕಾ? ತೆಗಿ ಅದನ್ನ!”

“ಹೋಗ್ಲಿ ಬಿಡ್ರಿ ಅಕ್ಕಾರ, ನಾ ಕೊಡ್ತೀನಿ…” ಎಂದ ಪಾಲಯ್ಯ. ಅವನ ಮಾತು ಯಾರಿಗೆ ಬೇಕಿತ್ತು?

“ಆತ್ರೀ, ತೆಗದೆ,” ಎಂದ ದುರುಗೇಶ್. “ಇನ್ ಮ್ಯಾಲೆ ಇಲ್ಲಿ ಕುಂದ್ರಂಗೂ ಇಲ್ಲ.” ಸಿಟ್ಟಿನಲ್ಲಿ ಕೂಲರಿನ ಅಷ್ಟೂ ತಿರುಪುಗಳನ್ನು ಹಲ್ಲು ಕಚ್ಚಿ ಬಿಗಿದ. “ಎರಡು ಬ್ಯಾಸಿಗಿ ಕೆಡಂಗಿಲ್ಲ ಇದು, ಹೋಗ್ರಿ.”

“ಗೆದ್ವಿ ನೋಡ್ರಿ!” ಎಂದು ಓಬಳೇಶ ಬೆನ್ನು ತಟ್ಟಿದ. ಗೆದ್ದವರೆಲ್ಲ ತಂತಮ್ಮ ಮನೆಗೆ ಹೋದರು.

ಮಧ್ಯಾಹ್ನ ಕೂಲರು ಹೂಂ ಎನ್ನದೆ ತಿರುಗುತ್ತಿತ್ತು. ಆ ಮೌನ ಪಾಲಯ್ಯನಿಗೆ ತಡೆಯಲಾಗಲಿಲ್ಲ. ಸ್ಕ್ರೂಡ್ರೈವರ್ ತಂದು, ಬೆವರು ಸುರಿಸಿ, ತಿರುಪೊಂದನ್ನು ಸಡಿಲ ಮಾಡಿದ. ಕಟಕಟ ಶುರುವಾದೊಡನೆ ಫೋನ್ ಹಚ್ಚಿದ.

“ದುರುಗೇಶಾ, ಮತ್ತ ಕೆಟ್ಟೈತಪಾ. ಕುಂತ ಚಾರ್ಜು ಡಬಲ್ ಹಾಕು. ದುರ್ಗಕ್ಕಗ ಮಾತ್ರ ಹೇಳಬ್ಯಾಡ.”

“ಇವತ್ತು ಆಗಂಗಿಲ್ರಿ ಅಣ್ಣಾ.” ದುರುಗೇಶನ ದನಿ ತಗ್ಗಿತು. “ಈಗ ಅವರ ಮನ್ಯಾಗ ಕುಂತೀನಿ. ಅವರ ಮಿಕ್ಸಿ ವಾರಕ್ಕೊಮ್ಮಿ ಕೆಡತೈತಿ. ಕುಂತ ಚಾರ್ಜು ನಾ ಕೇಳೂಕಿಂತ ಮೊದಲ ಕೊಟ್ಟುಬಿಡ್ತಾರ. ಆಮ್ಯಾಲೆ ಓಬಳೇಶಣ್ಣಂದು ಫ್ಯಾನು. ಮನಿಯಾಕಿ ಸಂಡೂರಿಗೆ ಹೋಗ್ಯಾಳಂತ, ಒಬ್ರೇ ಅದಾರ. ನಿಮ್ದು ಗುರುವಾರ ಇಡ್ಲ್ಯಾ?”

ಪಾಲಯ್ಯ ಕೂಲರು ಆರಿಸಿ ಗೋಡೆಗೆ ಕಿವಿ ಕೊಟ್ಟ. ಆಚೆ ಲೋಟದ ಸದ್ದು. ದುರುಗೇಶ್ ಹೇಳುತ್ತಿದ್ದ: “…ಎಮ್ಮಿ ತೇಲಿಕೋತ ಹೋಗಿ ಎದ್ದದ್ದೆಲ್ಲಿ ಹೇಳ್ರಿ? ಮದುವಿ ಮನ್ಯಾಗ!”

ದುರ್ಗಕ್ಕ ನಕ್ಕಳು. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಪಾಲಯ್ಯ ಆ ನಗು ಕೇಳಿರಲಿಲ್ಲ. ಕೇಳಲು ಇಷ್ಟು ಚೆನ್ನಾಗಿರುತ್ತದೆಂದು ಗೊತ್ತಿದ್ದರೆ ಎಮ್ಮೆಯ ಕತೆಯನ್ನು ತಾನೇ ಎಂದೋ ಹೇಳಿಬಿಡುತ್ತಿದ್ದ. ಅವನೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ.

“ಮರುದಿನ ಒಡಿಯ ಬಂದು ಹೊಡಕೊಂಡು ಹೋದ್ನಂತ್ರಿ,” ಎಂದು ದುರುಗೇಶ್ ಕತೆ ಮುಗಿಸಿದ.

ಗೋಡೆ ಬಡಿಯಲು ಪಾಲಯ್ಯನ ಕೈ ಎದ್ದಿತು. ಎದ್ದಲ್ಲೇ ನಿಂತಿತು.

“ಎಮ್ಮಿ ಹೋಗ್ಲಿಲ್ರಿ ಅಕ್ಕಾರ,” ಎಂದ, ಗೋಡೆಗೆ ಮಾತ್ರ ಕೇಳುವಂತೆ.