ಟಕ್ ಎನ್ನುವ ಕುರ್ಚಿಯವರ ಸನ್ನಿಧಾನಕ್ಕೆ

ಮಾನ್ಯ ಕುರ್ಚಿಯವರೇ,

ನಮ್ಮ ಮನೆಯ ಕಿಟಕಿಯ ಪಕ್ಕದಲ್ಲಿ ಹನ್ನೊಂದು ವರ್ಷಗಳಿಂದ ವಿರಾಜಮಾನರಾಗಿರುವ, ಒಂದೇ ಒಂದು ಚುನಾವಣೆಗೆ ನಿಲ್ಲದೆಯೂ ಕುರ್ಚಿ ಬಿಡದ, ಬಿಡುವುದೇನು ಬಂತು, ಸ್ವತಃ ಕುರ್ಚಿಯೇ ಆಗಿರುವ ತಮಗೆ, ತಮ್ಮ ಮೇಲೆ ಕುಳಿತು ಈ ಪತ್ರ ಬರೆಯುತ್ತಿರುವ ಬಡ ಅಭ್ಯರ್ಥಿಯ ಸಾಷ್ಟಾಂಗ ನಮಸ್ಕಾರಗಳು. ಕುಳಿತಲ್ಲೇ ಸಾಷ್ಟಾಂಗ ಹೇಗೆ ಎಂಬುದು ತಮ್ಮ ಆಕ್ಷೇಪವಿರಬೇಕು. ಆ ಶಬ್ದ ಬರೆಯುವಾಗಲೇ ತಾವು ಟಕ್ ಎಂದದ್ದು ನನಗೆ ಕೇಳಿಸಿತು.

ನನ್ನ ದೂರೂ ಆ ಟಕ್ಕಿನ ಬಗ್ಗೆಯೇ. ತಮ್ಮ ಎಡಗಡೆಯ ಮುಂಗಾಲು ಕೀಲಿನಲ್ಲಿ ಸಡಿಲವಾಗಿರುವುದರಿಂದ ಲೆಕ್ಕದ ಪ್ರಕಾರ ತಾವು ಮುಕ್ಕಾಲು ಕುರ್ಚಿ. ಉಳಿದ ಕಾಲು ಇರುವುದು ಕೂತವರ ಕಾಲೆಳೆಯಲಿಕ್ಕೆ. ಊರಿನ ಅರ್ಧ ಬಾಗಿಲುಗಳನ್ನು ಮಾಡಿಕೊಟ್ಟ ಬಡಗಿಯಾದ ನಮ್ಮಪ್ಪ, ತಮ್ಮ ವಿಷಯ ಬಂದಾಗ ಮಾತ್ರ "ಭಾನುವಾರ ನೋಡೋಣ" ಎನ್ನುತ್ತಾರೆ. ಅದು ಯಾವ ಭಾನುವಾರ ಎಂದು ಅವರೂ ಹೇಳಿಲ್ಲ, ತಾವೂ ಕೇಳಿಲ್ಲ.

ಇದನ್ನೆಲ್ಲ ನಾನು ಸಹಿಸಿಕೊಂಡೇ ಇದ್ದೆ, ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಕರೆ ಬರುವವರೆಗೆ. ಇರುವುದು ಒಂದೇ ವೇತನ. ಸಿಕ್ಕರೆ ಮರದ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಸಿಗದಿದ್ದರೆ ಅಮ್ಮನ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನನಗಾಗಿಯೇ ಖಾಲಿ ಇಟ್ಟಿರುವ ಸ್ಟೂಲು. ಆದ್ದರಿಂದ ಮನೆಯಲ್ಲೇ ಒಂದು ಆಯ್ಕೆ ಸಮಿತಿ ರಚನೆಯಾಯಿತು. ಲೈಸೆನ್ಸ್ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕುಳಿತು, ಒಂದು ಪ್ರತಿ ಕಡಿಮೆಯಿದೆ ಎಂದು ಎಂಥೆಂಥವರನ್ನೋ ವಾಪಸು ಕಳಿಸಿದ ಅಮ್ಮ ಅಧ್ಯಕ್ಷರು; ಬಟಾಣಿ ಬಿಡಿಸುತ್ತಾ ಕೂರುವ ಅಜ್ಜಿ ವೀಕ್ಷಕರು. ಅಭ್ಯರ್ಥಿಯ ಆಸನವಾಗಿ ತಮ್ಮ ನೇಮಕವಾಯಿತು. ತಮ್ಮನ್ನು ನೇಮಿಸಿದವಳು ನಾನೇ; ಇಂದಿಗೂ ಹಲ್ಲು ಕಡಿಯುತ್ತಿದ್ದೇನೆ.

ಸಂದರ್ಶನ ಗೆಲ್ಲುವ ಬಗೆಯನ್ನು ಮೊಬೈಲಿನಲ್ಲಿ ಉಚಿತವಾಗಿ ಬೋಧಿಸುವ ಮಹಾನುಭಾವರೊಬ್ಬರು, ಮುಖ್ಯವಾದ ಮಾತು ಬಂದಾಗ ಸ್ವಲ್ಪ ಮುಂದಕ್ಕೆ ಬಾಗಿ ಎಂದು ಹೇಳಿದ್ದರು. ಹಾಗಾಗಿ "ಬಾಲ್ಯದಿಂದಲೂ ಸಮಾಜಸೇವೆಯೇ ನನ್ನ ಉಸಿರು" ಎಂದು ನಾನು ಮುಂದಕ್ಕೆ ಬಾಗಿದೆ. ತಾವು ಟಕ್ ಎಂದಿರಿ. ಕಾಲೇಜಿನ ಸೂಚನಾಫಲಕ ಸಮಿತಿಯಲ್ಲಿ ನಾಯಕತ್ವ ವಹಿಸಿದೆ ಎಂದಾಗ (ಸಮಿತಿಯಲ್ಲಿದ್ದವರು ಇಬ್ಬರು, ಇನ್ನೊಬ್ಬಳು ಬರಲೇ ಇಲ್ಲ) ಮತ್ತೆ ಟಕ್. ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಟವೇ ನನ್ನ ದೌರ್ಬಲ್ಯ ಎಂದಾಗ ಎರಡು ಸಲ. ಮಗ್ಗಲು ಬದಲಿಸದೆ ಸತ್ಯ ಹೇಳಿದಾಗ ಮಾತ್ರ ತಾವು ಗಪ್‌ಚಿಪ್. ಕಿವಿ ಮಂದವಾದ ಅಜ್ಜಿಗೂ ಇದು ಮೂರನೇ ದಿನಕ್ಕೆ ಗೊತ್ತಾಗಿ, ಟಕ್ಕಿಗೊಂದು ಬಟಾಣಿಯಂತೆ ಪಕ್ಕಕ್ಕಿಡತೊಡಗಿದರು. "ಪರಿಪೂರ್ಣವಂತೆ! ಎದ್ದ ಹಾಸಿಗೆ ಮಡಚೋಕಾಗಲ್ಲ ಇವಳಿಗೆ" ಎಂಬ ಷರಾ ಬೇರೆ. ಅಮ್ಮನಂತೂ "ಸಮಾಜಸೇವೆ ಮಾಡಿದ್ದಕ್ಕೆ ಪುರಾವೆ ಇದೆಯಾ? ಮೂಲ ಪ್ರತಿ ತೋರಿಸಿ" ಎಂದು ಕೇಳಿ, ನಾನು ತಡವರಿಸುತ್ತಿದ್ದಂತೆ ಕೌಂಟರಿನ ಗಂಟಲಿನಲ್ಲೇ "ಮುಂದಿನವರು!" ಎಂದು ಕೂಗಿ ಸಭೆ ಮುಗಿಸುತ್ತಿದ್ದರು. ಮುಂದಿನವರು ಯಾರೂ ಇರಲಿಲ್ಲ. ಮಾರನೆಯ ದಿನವೂ ನಾನೇ.

ತಮ್ಮ ಬಾಯಿ ಮುಚ್ಚಿಸಲು ಒಮ್ಮೆ ಅರ್ಜಿಯ ಹಳೆಯ ಕರಡನ್ನೇ ಮಡಚಿ ತಮ್ಮ ಕಾಲಡಿ ಇಟ್ಟದ್ದನ್ನು ಒಪ್ಪಿಕೊಳ್ಳುತ್ತೇನೆ. ಅಂದು ಸುಳ್ಳುಗಳು ಎಣ್ಣೆ ಹಾಕಿದ ಬಾಗಿಲಿನಂತೆ ಸಲೀಸಾಗಿ ಆಡಿದವು, ಒಂದು ಬಟಾಣಿಯೂ ಅಲುಗಲಿಲ್ಲ. ಕೊನೆಗೆ ಅಜ್ಜಿ ಅಮ್ಮನ ಕಡೆ ತಿರುಗಿ, "ಯಾರೇ ಇದು, ಬೇರೆ ಯಾರದೋ ಮಗಳು ಬಂದು ಕೂತ ಹಾಗಿದೆಯಲ್ಲೇ" ಎಂದರು. ನಾನು ಕಾಗದ ಕಿತ್ತು ಬಿಸಾಡಿದೆ.

ಸಂದರ್ಶನದ ದಿನ ನನಗೆ ಸಿಕ್ಕಿದ್ದು ತಮ್ಮ ದೂರದ ಶ್ರೀಮಂತ ಸಂಬಂಧಿಕರು: ಮೆತ್ತೆ, ಗಾಲಿ, ಎರಡು ಕೈ, ಮತ್ತು ಸಂಪೂರ್ಣ ಮೌನ. ಎದುರಿಗೆ ಮೂವರು. ನಾನು ಮುಂದಕ್ಕೆ ಬಾಗಿ ಸಮಾಜಸೇವೆ, ಬಾಲ್ಯ, ಉಸಿರು ಇವನ್ನೆಲ್ಲ ಕ್ರಮವಾಗಿ ಜೋಡಿಸಿದೆ. ಸದ್ದಿಲ್ಲ. ಕಾದೆ. ಆಗಲೂ ಇಲ್ಲ. ಬರಬೇಕಾದದ್ದು ಬರದೆ ಸೀನು ಮೂಗಿನಲ್ಲೇ ನಿಂತಂಥ ಆ ಸ್ಥಿತಿಯನ್ನು ತಡೆಯಲಾರದೆ, ಮಾನ್ಯರೇ, ನನ್ನ ಬಾಯಿಯೇ ಸ್ಪಷ್ಟವಾಗಿ, ಗಟ್ಟಿಯಾಗಿ "ಟಕ್" ಎಂದುಬಿಟ್ಟಿತು.

ನಡುವೆ ಕುಳಿತಿದ್ದ ಮೇಡಂ "ಏನಮ್ಮ ಅದು?" ಎಂದರು. ಜೆರಾಕ್ಸ್ ಅಂಗಡಿಯ ಸ್ಟೂಲು ಕಣ್ಣ ಮುಂದೆ ಬಂದು ನಿಂತಿತು. ಇನ್ನು ಮುಚ್ಚಿಡುವುದಕ್ಕೆ ಏನಿದೆ ಎಂದು ತಮ್ಮ ಸಮಸ್ತ ಚರಿತ್ರೆಯನ್ನೂ ಹೇಳಿಬಿಟ್ಟೆ. ಅಷ್ಟು ಹೊತ್ತು ಯಾವುದೋ ಕಾಗದಗಳಿಗೆ ಸಹಿ ಹಾಕುತ್ತಿದ್ದ ಮೂಲೆಯ ಹಿರಿಯರು ಪೆನ್ನಿಗೆ ಮುಚ್ಚಳ ಹಾಕಿ, "ಅದ್ಯಾಕೆ ಟಕ್ ಅನ್ನುತ್ತೆ?" ಎಂದು ಕೇಳಿದರು.

ಇದಕ್ಕೆ ನಾನು ತಯಾರಿ ಮಾಡಿಕೊಂಡಿರಲಿಲ್ಲ; ಅದಕ್ಕೇ ಉತ್ತರ ಗೊತ್ತಿತ್ತು. ಒಣಹವೆಯಲ್ಲಿ ಮರ ಕುಗ್ಗಿ ಕೀಲು ಸಡಿಲವಾಗುತ್ತದೆ, ಮಳೆ ಹಿಡಿದರೆ ಉಬ್ಬಿ ಬಿಗಿಯಾಗುತ್ತದೆ. ಎಂಟನೇ ತರಗತಿಯಿಂದ ನಾನು ಪ್ರತಿ ತಿಂಗಳೂ ಆ ಸಂದಿಗೆ ಹಳೆಯ ಬಸ್ ಟಿಕೆಟ್ ತೂರಿಸಿ, ಎಷ್ಟು ಹಿಡಿಯುತ್ತವೆಂದು ತಮ್ಮ ತಳದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ. ಮೊದಮೊದಲು ಬೇಸಿಗೆಗೆ ಐದು ಟಿಕೆಟ್, ಮಳೆಗಾಲಕ್ಕೆ ಎರಡು. ಈಗೀಗ ಮಳೆಗಾಲದಲ್ಲೂ ನಾಲ್ಕು ಹಿಡಿಯುತ್ತವೆ. ಅಂದರೆ ಮರ ಉಬ್ಬಿದರೂ ಕೀಲು ಮೊದಲಿನಷ್ಟು ಬಿಗಿಯಾಗುತ್ತಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲಿಕ್ಕೇ ಬಂದಿದ್ದೇನೆ ಎಂದೆ. ಮೇಡಂ ನನ್ನ ಅರ್ಜಿಯ ಹನ್ನೆರಡು ಪುಟಗಳನ್ನು ತಿರುವಿ, ಇದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ ಎಂದರು. "ಅದು ನಮ್ಮನೆ ಕುರ್ಚಿ ಮೇಡಂ, ಅದನ್ನೆಲ್ಲ ಬರೀಬಹುದು ಅಂತ ಗೊತ್ತಿರ್ಲಿಲ್ಲ" ಎಂದೆ. ಆ ಶ್ರೀಮಂತ ಕುರ್ಚಿಯಲ್ಲಿ ಕುಳಿತು ನಾನಾಡಿದ, ಪೂರಾ ನನ್ನದೇ ಆದ ಮಾತು ಅದು.

ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು ಉಳಿ ಒರೆಸುತ್ತಾ, "ನೀನೇ ಅಲ್ವಾ ಎಂಟನೇ ಕ್ಲಾಸಲ್ಲಿ ಅದನ್ನ ಮುಟ್ಬೇಡಿ ಅಂದಿದ್ದು? ಮುಗೀತಾ ನಿನ್ನ ಅಳತೆ?" ಎಂದರು.

ಮೊನ್ನೆ ಪತ್ರ ಬಂತು. ವಿದ್ಯಾರ್ಥಿವೇತನ ಮಂಜೂರಾಗಿದೆ, ಜೊತೆಗೊಂದು ಷರತ್ತು: ಅಭ್ಯರ್ಥಿಯು ಸದರಿ ಕುರ್ಚಿಯನ್ನು ಜೊತೆಯಲ್ಲಿ ತರತಕ್ಕದ್ದು. ಅಂದರೆ ರಾತ್ರಿ ಹಗಲು ಓದಿದವಳು ನಾನು, ಆಯ್ಕೆಯಾದದ್ದು ತಮ್ಮ ಕಾಲು. ನಾನು ತಮ್ಮನ್ನು ಹೊತ್ತು ತರುವ ಕೂಲಿ. ಈ ಅನ್ಯಾಯಕ್ಕೆ ಪರಿಹಾರವಾಗಿ ತಮ್ಮಲ್ಲಿ ಬೇಡುವುದಿಷ್ಟೇ. ಬಸ್ಸಿನಲ್ಲಿ ತಮಗೂ ಟಿಕೆಟ್ ತೆಗೆದುಕೊಳ್ಳಬೇಕೆಂದು ಕಂಡಕ್ಟರ್ ಹಟ ಹಿಡಿದರೆ, ಈಗಾಗಲೇ ನೂರಾರು ಟಿಕೆಟ್ ನುಂಗಿದ್ದೇನೆಂದು ತಾವೇ ಅವರಿಗೆ ತಿಳಿಸಬೇಕು. ಅಲ್ಲಿ ಪ್ರಾಧ್ಯಾಪಕರು ಅಪ್ಪಿತಪ್ಪಿ ತಮ್ಮ ಮೇಲೆ ಕುಳಿತು ಪಾಠ ಮಾಡಿದರೆ, ನನ್ನ ಅಂಕಗಳ ದೃಷ್ಟಿಯಿಂದ ಉಸಿರು ಬಿಗಿಹಿಡಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಾಸ್ಟೆಲಿನಿಂದ ಅಮ್ಮನಿಗೆ ಫೋನ್ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಮನೆಯ ನೆನಪೇ ಆಗುವುದಿಲ್ಲ ಎಂದು ನಾನು ಹೇಳುವಾಗ, ದಯಮಾಡಿ, ಒಂದೇ ಒಂದು ನಿಮಿಷ ಸುಮ್ಮನಿರಬೇಕು.

ತಮ್ಮ ಮುಕ್ಕಾಲಿಗೆ ತಲೆಬಾಗುವ,
ತಮ್ಮ ವಿಶ್ವಾಸಿ,
ಕೀಲು ಬಿಟ್ಟ ಅಭ್ಯರ್ಥಿ

ವಿ.ಸೂ.: ಇಷ್ಟು ಬರೆದು ನೀರು ಕುಡಿಯಲು ಎದ್ದಿದ್ದೆ. ಅದೇ ಸಮಯ ನೋಡಿ ಅಮ್ಮ ತಮ್ಮ ಮೇಲೆ ಕುಳಿತು, ಅಜ್ಜಿಯ ಕಡೆ ಬಾಗಿ, "ಎರಡು ವರ್ಷ ತಾನೇ, ಹೋಗಿ ಬರ್ಲಿ, ನಂಗೇನೂ ಅನ್ನಿಸಲ್ಲಪ್ಪ" ಎಂದರು. ನನ್ನ ಪಾಲಿಗೆ ಬೀದಿಗೆಲ್ಲ ಕೇಳುವಂತೆ ಸಾರುವ ತಾವು, ಅಮ್ಮನಿಗೆ ಮಾತ್ರ ಎಷ್ಟು ಮೆಲ್ಲಗೆ ಟಕ್ ಎಂದಿರಿ! ಈ ಪಕ್ಷಪಾತದ ವಿರುದ್ಧ ಪ್ರತ್ಯೇಕ ದೂರು ಸಲ್ಲಿಸಲಿದ್ದೇನೆ. ಅಜ್ಜಿ ಒಂದು ಬಟಾಣಿ ಪಕ್ಕಕ್ಕಿಟ್ಟರು. ಅಮ್ಮ ಅದನ್ನು ನೋಡಿದರು, ದಡಬಡನೆ ಎದ್ದರು, ಯಾರ ಮುಖವನ್ನೂ ನೋಡದೆ "ಮುಂದಿನವರು!" ಎಂದು ಅಡುಗೆಮನೆಗೆ ಹೋದರು.