ಮರೆತ ಪುಟ ತೋರಿಸುವ ಪ್ಲಗಿನ್

ಪ್ಲಗಿನ್ ಬರೆಯುವ ಚಟ ಹತ್ತಿದವನನ್ನು ಜನ ಒಮ್ಮೊಮ್ಮೆ ವಿಚಿತ್ರವಾಗಿ ನೋಡುವುದು ಇದ್ದದ್ದೇ. ಆದರೆ ಹೋದ ವರ್ಷ ಒಂದು ವಾರ ಅವರು ನನ್ನನ್ನು ನೋಡಿದ ರೀತಿಯೇ ಬೇರೆ.

ನಾನು ಕುಷ್ಟಗಿಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಸ್ವಂತ ವಿಕಿ ಇಟ್ಟುಕೊಂಡಿದ್ದೇನೆ. ಅಂದರೆ ಕಂಪ್ಯೂಟರಿನಲ್ಲಿ ನಾನೊಬ್ಬನೇ ಬರೆದುಕೊಳ್ಳುವ ನೋಟ್‌ಬುಕ್ಕು. ಅದರ ಪುಟಗಳಿಗೆ ಒಂದರಿಂದ ಇನ್ನೊಂದಕ್ಕೆ ಕೊಂಡಿ ಇರುತ್ತದೆ. ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಅಲ್ಲಿ ಬರೆಯುತ್ತೇನೆ.

ಹೇಳಲಾಗದ್ದು ಮುಖ್ಯವಾಗಿ ಒಂದೇ. ಯಲಬುರ್ಗಾ ಕಡೆ ಮಂಗಳೂರು ಅಂತ ಊರಿದೆ, ಸಮುದ್ರ ಇಲ್ಲದ ಮಂಗಳೂರು. ಅಲ್ಲಿ ನನ್ನ ಅಣ್ಣ ಇದ್ದಾನೆ. ಅವನ ಮಗಳ ಲಗ್ನಪತ್ರಿಕೆಯಲ್ಲಿ ನನ್ನ ಹೆಸರನ್ನು ಅತ್ತಿಗೆಯ ತಮ್ಮನ ಹೆಸರಿನ ಕೆಳಗೆ ಹಾಕಿಸಿದ ಅಂತ ನಾನು ಮದುವೆಗೇ ಹೋಗಲಿಲ್ಲ. ಅಲ್ಲಿಂದ ಒಂಬತ್ತು ವರ್ಷ ಮಾತಿಲ್ಲ. ತಪ್ಪು ನನ್ನದೇ ಅಂತ ಎರಡನೇ ವರ್ಷಕ್ಕೇ ತಿಳಿದಿತ್ತು, ಹೇಳಲು ಬಾಯಿ ಬರಲಿಲ್ಲ. ಹೇಳದೇ ಇಬ್ಬರಲ್ಲೊಬ್ಬರು ಹೋಗಿಬಿಟ್ಟರೆ ಅನ್ನುವ ಹೆದರಿಕೆ ಮಾತ್ರ ದಿನಾ ಇತ್ತು.

ವಿಕಿಯಲ್ಲಿ ಬರೆದದ್ದು ಅಲ್ಲೇ ಮರೆತುಹೋಗುತ್ತದೆ ಅಂತ ಒಂದು ಪ್ಲಗಿನ್ ಮಾಡಿದೆ. ವಿಕಿಗೆ ಜೋಡಿಸುವ ಸಣ್ಣ ತಂತ್ರಾಂಶ ಅದು. ಎಲ್ಲಕ್ಕಿಂತ ಹೆಚ್ಚು ದಿನ ತೆರೆಯದೆ ಬಿದ್ದಿರುವ ಪುಟವನ್ನು ಹುಡುಕಿ, ನೆತ್ತಿಯ ಮೇಲೆ ಇವತ್ತಿನ ತಾರೀಖು ಹಾಕಿ, ಮುಂಜಾನೆ ಕಣ್ಣೆದುರು ಹಿಡಿಯುವುದು ಅದರ ಕೆಲಸ. ಎಲ್ಲರಿಗೂ ಸಿಗಲಿ ಅಂತ ವಿಕಿ ತಂತ್ರಾಂಶ ಮಾಡಿದವರು ಇಟ್ಟಿರುವ ಪ್ಲಗಿನ್ ಪಟ್ಟಿಗೆ ಕಳಿಸಿದೆ. ಒಪ್ಪಿಗೆ ಬರುವ ತನಕ ಬಳಸಿ ನೋಡಿರೆಂದು ನಮ್ಮ ಜಿಲ್ಲೆಯಲ್ಲಿ ವಿಕಿ ಬಳಸುವವರ ವಾಟ್ಸಾಪ್ ಗುಂಪಿನ ಏಳು ಜನಕ್ಕೂ ಕೊಟ್ಟೆ. ಜೊತೆಗೆ ಒಂದಿಷ್ಟು ಮಾದರಿ ಪುಟಗಳನ್ನೂ ಇಟ್ಟಿದ್ದೆ.

೧. ಗಂಗಾವತಿಯ ಫೋನು

ಮರುದಿನ ಮುಂಜಾನೆ ಗಂಗಾವತಿಯ ಅಕ್ಕಿ ಗಿರಣಿ ಮ್ಯಾನೇಜರರ ಫೋನು ಬಂತು. ಏಳು ಜನರಲ್ಲಿ ಅವರೂ ಒಬ್ಬರು. ಮುಖ ನೋಡಿದವರಲ್ಲ, ಗುಂಪಿನ ಪರಿಚಯ ಅಷ್ಟೇ.

"ಯಾರ್ರೀ ಮಾತಾಡೂದು?"

"ನಾನ್ರೀ," ಅಂತ ಹೆಸರು ಹೇಳಿದೆ.

"ನೀವು ಹೆಂಗ ಮಾತಾಡ್ತೀರ್ರೀ?"

"ಬಾಯಿಲೇರೀ."

ಫೋನು ಕಟ್ಟಾಯಿತು. ಐದು ನಿಮಿಷಕ್ಕೆ ಮತ್ತೆ ಅವರೇ. "ಮನ್ಯಾಗ ಬ್ಯಾರೆ ಯಾರರ ಇದ್ರ ಅವರ ಕೈಯಾಗ ಕೊಡ್ರಿ," ಅಂದರು. ಹೆಂಡತಿಗೆ ಕೊಟ್ಟೆ. ಅವಳು "ಹೂಂ, ಹೂಂ" ಅಂದು ಫೋನು ಇಟ್ಟಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರೋ 'ಗಟ್ಟಿಯಾಗಿರ್ರಿ ಅಕ್ಕಾರ' ಅಂದ್ರು. ಏನು ಮಾಡೀರಿ ನೀವು?"

೨. ಚಹಾ ಒಲ್ಲೆ ಅಂದ ವಕೀಲರು

ಅದೇ ಮಧ್ಯಾಹ್ನ ಕೊಪ್ಪಳದ ವಕೀಲರೊಬ್ಬರು ಕಾಲೇಜಿಗೆ ಬಂದು "ಲೈಬ್ರರಿಯನ್ ಸಾಹೇಬರ ಮನಿ ಎಲ್ಲಿ ಬರ್ತದ್ರಿ?" ಅಂತ ಕೇಳಿದರಂತೆ. ನಮ್ಮ ಅಟೆಂಡರ್, "ಮನಿಗೆ ಯಾಕ್ರೀ, ಸಾಹೇಬ್ರು ಒಳಗ ಕುಂತಾರ," ಅಂದಿದ್ದಾನೆ. ಈ ವಕೀಲರೂ ಆ ಏಳರಲ್ಲಿ ಒಬ್ಬರು.

ಬಾಗಿಲಲ್ಲಿ ನಿಂತವರು ಒಳಗೆ ಕಾಲಿಡಲು ಬಹಳ ಹೊತ್ತು ತೆಗೆದುಕೊಂಡರು. ನಾನು ಕೈ ಕೊಟ್ಟೆ. ಹಿಡಿದ ಕೈ ಬಿಡಲೇ ಇಲ್ಲ. "ಬೆಚ್ಚಗ ಐತಿ," ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಚಹಾ ಒಲ್ಲೆ ಅಂದರು. ನೀರೂ ಒಲ್ಲೆ ಅಂದರು. ಕುರ್ಚಿಯ ತುದಿಯಲ್ಲಿ ಕೂತವರು "ಬರ್ತೀನ್ರಿ" ಅನ್ನದೇ ಎದ್ದು ಹೋಗಿಬಿಟ್ಟರು. ನಮ್ಮ ಕಡೆ ಆ ಮಾತು ಹೇಳದೇ ಎದ್ದು ಹೋಗುವುದು ಒಂದೇ ಥರದ ಮನೆಯಿಂದ. ಆ ತುಂಬಿದ ಕಪಾಟುಗಳ ನಡುವೆ ನಾನು ನನ್ನ ನಾಡಿ ಹಿಡಿದು ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಗಿತ್ತು.

ಅಟೆಂಡರ್ ಒಳಗೆ ಬಂದ. "ಸರ, ಅವರು ಹೊರಗ ನಳದಾಗ ಕಾಲು ತೊಳಕೊಂಡು, ತಲಿಗೆ ನೀರು ಚಿಮುಕಿಸಿಕೊಂಡು ಹೋದ್ರು."

೩. ಪಟ್ಟಿಯವರ ಪತ್ರ

ಮೂರನೆಯ ದಿನ ಪಟ್ಟಿಯ ಪರೀಕ್ಷಕರ ಪತ್ರ ಬಂತು. ಯಾವ ದೇಶದವರೋ, ಬಹಳ ಮರ್ಯಾದಸ್ಥರು. ನನ್ನ ಕನ್ನಡ ಪುಟಗಳನ್ನು ಯಂತ್ರದಲ್ಲಿ ಅನುವಾದ ಮಾಡಿಕೊಂಡು ಓದಿದ್ದರು. ಪ್ಲಗಿನ್ ಸರಿಯಾಗಿ ಕೆಲಸ ಮಾಡುತ್ತಿದೆ, ಒಂದೇ ಸಂಶಯ: ಇದನ್ನು ಬರೆದವರು ಬದುಕಿದ್ದಾರೆಯೇ? ಬದುಕಿಲ್ಲದಿದ್ದರೆ ಮುಂದೆ ದೋಷ ಬಂದಾಗ ಸರಿಪಡಿಸುವವರು ಯಾರು?

ಕಳಿಸಿದ್ದನ್ನು ತೆರೆದು ನೋಡಿದೆ. ಮಾದರಿ ಪುಟಗಳ ಜಾಗದಲ್ಲಿ ನನ್ನ ಸ್ವಂತ ವಿಕಿಯ ಫೋಲ್ಡರೇ ಹೋಗಿತ್ತು. ಪಾಪ, ಪ್ಲಗಿನ್ ತನ್ನ ಕೆಲಸ ತಾನು ಮಾಡಿದೆ. ನಾನು ಸತ್ತ ಮೇಲೆ ಯಾರಿಗಾದರೂ ಸಿಗಲಿ ಅಂತ ಎಂದೋ ಬರೆದಿಟ್ಟು, ಮತ್ತೆ ತಿರುಗಿ ತೆರೆಯದ ಪುಟವನ್ನು ಹುಡುಕಿ, ಅದಕ್ಕೆ ಆ ದಿನದ ತಾರೀಖು ಹಾಕಿ ತೋರಿಸಿದೆ:

"ನಾನು ತೀರಿಹೋಗಿದ್ದೇನೆ. ಲೈಬ್ರರಿಯ ಬೀಗದ ಕೈ ಎಡಗಡೆ ಡ್ರಾದಲ್ಲಿದೆ. ಮಂಗಳೂರಿಗೆ, ಅಣ್ಣನಿಗೆ ಹೇಳಿ ಕಳಿಸಿ. ತಪ್ಪು ನನ್ನದೇ ಇತ್ತು. ಅವನು ಬರುವ ತನಕ ನನ್ನನ್ನು ಎತ್ತಬೇಡಿ."

ಏಳು ಜನಕ್ಕೂ ಫೋನು ಮಾಡಿದೆ. ಬದುಕಿದ್ದೇನೆ ಅಂದಾಗ ಆರು ಜನ ನಂಬಿದರು. ಏಳನೆಯವರು ಮಂಗಳೂರಿನ ಒಬ್ಬ ಮಾಸ್ತರು, ನನ್ನ ಅಣ್ಣನ ಓಣಿಯವರೇ. ಅವರು ಫೋನು ಎತ್ತಲಿಲ್ಲ. ಪರೀಕ್ಷಕರಿಗೂ ಇದ್ದೇನೆ ಅಂತ ಬರೆದೆ. ಫೋಟೊ ಕಳಿಸಿ ಅಂದರು. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡುವ ಬದುಕಿರುವ ಪುರಾವೆಯನ್ನು ನಾನು ನೌಕರಿಯಲ್ಲಿರುವಾಗಲೇ ಕೊಟ್ಟೆ.

೪. ಅಣ್ಣ

ಮರುದಿನ ರವಿವಾರ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಓಣಿಯ ತಿರುವಿನಿಂದ ಅಳುವ ಸದ್ದು ಕೇಳಿತು. ಯಾರ ಮನೆಯದೋ ಅಂತ ಕಿವಿ ಕೊಟ್ಟೆ. ನನ್ನ ಹೆಸರೇ ಹಿಡಿದು ಅಳುತ್ತಿದ್ದರು. ತನ್ನ ಹೆಸರಿನ ಅಳು ತನ್ನ ಮನೆಯ ಕಡೆಗೇ ನಡೆದು ಬರುವುದನ್ನು ಬದುಕಿದ್ದವನು ಕೇಳಬಾರದು.

ಅಣ್ಣ. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಕೈಯಲ್ಲಿ ಹೂವಿನ ಮಾಲೆ, ಇನ್ನೊಂದರಲ್ಲಿ ಮಾಸ್ತರು ಪ್ರಿಂಟ್ ತೆಗೆದುಕೊಟ್ಟ ಆ ಪುಟ. "ಹೇಳದ ಹೋದ್ಯಲ್ಲೋ ತಮ್ಮಾ" ಅನ್ನುತ್ತ ಬಂದವನು ಕಟ್ಟೆಯ ಮೇಲಿನ ನನ್ನನ್ನು ನೋಡಿ ನಿಂತುಬಿಟ್ಟ. ನಾನು ಶೇಂಗಾ ಹಿಡಿದ ಕೈಯಲ್ಲೇ ಪ್ಲಗಿನ್ ಅಂದರೇನು ಅಂತ ವಿವರಿಸಿದೆ. ಅವನಿಗೆ ಬೇಕಾದದ್ದು ಅದಲ್ಲ.

"ತಪ್ಪು ನಂದು ಅಂತ ಬರದೈತಲ್ಲ," ಕಾಗದ ಮುಂದೆ ಹಿಡಿದ, "ಇದು ನೀ ಬರದದ್ದೋ, ಮಷೀನ್ ಬರದದ್ದೋ?"

"ನಾನ ಬರದದ್ದಣ್ಣ. ಖರೇನ ಐತಿ."

"ಬಾಯಿಲೇ ಹೇಳಾಕ ಏನು ಧಾಡಿ ಆಗಿತ್ತು?"

ಸುಲಿದ ಶೇಂಗಾ ಅವನ ಮುಂದೆ ಹಿಡಿದೆ. ಅವನು ಕಣ್ಣು ಒರೆಸಿಕೊಂಡು ನನ್ನ ಪಕ್ಕ ಕೂತ. ಮಾಲೆಯನ್ನು ಏನು ಮಾಡುವುದು ಅಂತ ಇಬ್ಬರಿಗೂ ತಿಳಿಯಲಿಲ್ಲ. ಹೆಂಡತಿ ಬಂದು ಒಳಗೆ ಒಯ್ದು ದೇವರ ಫೋಟೊಕ್ಕೆ ಹಾಕಿದಳು. ಒಂಬತ್ತು ವರ್ಷದ ಮೇಲೆ ಅಣ್ಣ ತಮ್ಮ ಒಂದೇ ಸಾಲಿನಲ್ಲಿ ಕೂತು ರೊಟ್ಟಿ ಉಂಡೆವು. ನನಗೆ ಹೊಟ್ಟೆಗಿಂತ ಎದೆ ತುಂಬಿತ್ತು.

ಉಂಡು ಕೈ ತೊಳೆದು, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡ ಅಣ್ಣ ಹೊರಳಿ ನಿಂತ.

"ಈಗ ಹೇಳಿರ್ತೀನಿ ತಮ್ಮಾ. ನಿನ್ನ ಮಣ್ಣಿಗೆ ನಾ ಬಂದು ಹೋದಂಗಾತು, ಮತ್ತೊಮ್ಮೆ ಬರಂಗಿಲ್ಲ. ಆವಾಗ ಅಣ್ಣ ಬರಲಿಲ್ಲ ಅಂತ ಮಾತು ಬಿಡಬ್ಯಾಡ."