ಎದುರುಮನಿ ನಾಯಿಮರಿಗೆ ಉಚ್ಚಿ ಕಲಿಸಿದ್ದು

ಕುಂದ್ರು ತಂಗಿ. ಮೊದ್ಲು ಆ ಬಾಗ್ಲು ಮುಂದ ಮಾಡು. ಈಗ ಹೇಳೋದು ನಿನ್ನ ಹೊಟ್ಟ್ಯಾಗ ಇರ್ಬೇಕು. ನಿನ್ನ ಗಂಡನ ಮುಂದೂ ಬ್ಯಾಡ, ಗಂಡಸರು ಚಾದಂಗಡ್ಯಾಗ ಕುಂತ್ರ ನಮಗಿಂತ ಹೆಚ್ಚು ಬಾಯಿ ಬಿಡ್ತಾರ. ನಿನ್ನ ತಾಳಿ ಮುಟ್ಟಿ ಆಣಿ ಮಾಡು. ಹಾಂ, ಆತು. ನಾನೂ ಯಾರಿಗೂ ಹೇಳಿಲ್ಲ. ನಳದ ಹತ್ರ ಒಂದಿಬ್ರಿಗೆ ಹೇಳಿನಿ, ಅವರಿಗೆ ಮೊದ್ಲ ಅರ್ಧ ಗೊತ್ತಿತ್ತು, ಅದು ಹೇಳಿದಂಗ ಅಲ್ಲ.

ನಮ್ಮ ಹೊಸಪೇಟಿ ಚಿತ್ತವಾಡ್ಗಿ ಓಣ್ಯಾಗ ಟಿವಿ ಯಾಕ ಬೇಕು ಅಂತೀನಿ. ಕಟ್ಟಿ ಮ್ಯಾಲೆ ಕುಂತು ಎದುರುಮನಿ ಬಾಗ್ಲು ನೋಡಿದ್ರ ಸಾಕು, ದಿನಾ ಒಂದು ನಡ್ಕೊಂತನ ಇರ್ತೈತಿ.

ಆ ಮನ್ಯಾಗ ಇರೋರು ಅತ್ತಿ, ಮಗ, ಸೊಸಿ. ಅತ್ತಿ ಭಾಳ ಮಡಿ. ಜಳಕ ಆಗಿ ಲಿಂಗಪೂಜಿ ಮುಗಿಯೋತನ ಗಾಳಿನೂ ಕೇಳಿ ಒಳಗ ಬರ್ಬೇಕು. ಮಗ ಸಂಡೂರು ಕಡಿ ಮೈನ್ಸಿನ್ಯಾಗ ಕೆಲಸಕ್ಕ ಹೋಗ್ತಾನ. ಸೊಸಿ ಸಂಡೂರಾಕಿ, ಹೊಸದಾಗಿ ಬಂದಾಕಿ. ಗಂಡ ಶಿಫ್ಟಿಗೆ ಹೋದ್ರ ಆಕಿಗೆ ನೋಡಾಕ ಅತ್ತಿ ಮುಖ, ಇಲ್ಲಾಂದ್ರ ಗ್ವಾಡಿ. ಎರಡರಾಗೂ ನಗು ಇಲ್ಲ. ಪಾಪ ಬ್ಯಾಸರಾಗ್ತೈತಿ ಅಂತ ಮಗ ಒಂದು ನಾಯಿಮರಿ ತಂದ. ಅಲ್ಲಿಂದ ಸುರುವಾತು.

ಬಣ್ಣ ಬಿಟ್ಟ ನಾಯಿ

ಮೈನ್ಸಿಂದ ಅಂಗಿಯೊಳಗ ಇಟ್ಕೊಂಡು ತಂದಿದ್ದ. ಕೆಂಪಗ ಮಸ್ತ್ ಇತ್ತು ಮರಿ, ಇಟ್ಟಂಗಿ ಬಣ್ಣ. ಇಂಥಾ ಜಾತಿ ನಾಯಿ ಬಳ್ಳಾರ್ಯಾಗೂ ಸಿಗಂಗಿಲ್ಲ ಅಂತ ಓಣಿಗೆಲ್ಲ ತೋರಿಸಿದ. ಕೆಂಪ ಅಂತ ಹೆಸರಿಟ್ರು. ಮಡಿ ಅತ್ತಿ ಮನಿಯೊಳಗ ಬಿಡ್ಬೇಕಂದ್ರ ಜಳಕ ಆಗ್ಬೇಕಲ್ಲ, ಸೊಸಿ ಬಿಸಿನೀರು ಹಾಕಿದ್ಲು. ಬಚ್ಚಲ ತುಂಬ ಕೆಂಪನ ನೀರು. ಇನ್ನೊಂದು ತಂಬಿಗಿ ಹಾಕಿದ್ಲು, ಇನ್ನೂ ಕೆಂಪು. ಕೊನಿಗೆ ಹೊರಗ ಬಂತು ನೋಡು, ಬೆಳ್ಳನ ಬೀದಿನಾಯಿ. ಅದಿರಿನ ಧೂಳು ಮೈಗೆ ಹತ್ತಿತ್ತು, ಅಷ್ಟ.

ಅತ್ತಿ ಬಾಗಲ್ದಾಗ ನಿಂತು ಮಗನ್ನ ಕೇಳಿದ್ಲು, "ಸೀರಿ ಬಣ್ಣ ಬಿಟ್ರ ಅಂಗಡ್ಯಾಂವ ವಾಪಸ್ ತಗೋತಾನ. ಇದನ್ನ ಎಲ್ಲಿ ಕೊಟ್ಟು ಬರ್ತೀಯಪ್ಪ?"

ಆ ಮಾತು ಮುಗಿಯೋದ್ರಾಗ ಕೆಂಪ ಒಳಗ ಓಡಿ, ದೇವರ ಜಗಲಿ ಹತ್ರ ನೆಲದ ಮ್ಯಾಲೆ ಉಚ್ಚಿ ಹೊಯ್ದು ಬಂತು. ಅತ್ತಿ ಬಾಯಿಮಾಡ್ಲಿಲ್ಲ. ಆಕಿ ಬಾಯಿ ಮಾಡ್ಲಿಲ್ಲಾಂದ್ರ ಹೆದರ್ಬೇಕು. ಮುಂದಿನ ತಿಂಗ್ಳು ಕಂಪ್ಲಿಯಿಂದ ತನ್ನ ಅಣ್ಣ ಅಕ್ಕಿ ಹಾಕ್ಕೊಂಡು ಟೆಂಪೋ ತರ್ತಾನ, ಅಷ್ಟ್ರಾಗ ಇದು ಹೊರಗ ಹೋಗಾಕ ಕಲ್ತ್ರ ಇರ್ಲಿ, ಕಲೀಲಿಲ್ಲಾಂದ್ರ ಅದ ಟೆಂಪೋದಾಗ ಗದ್ದಿ ಕಾಯಾಕ ಹೋಗ್ಲಿ ಅಂದ್ಲು.

ಸೊಸಿಗೆ ಕಣ್ಣಾಗ ನೀರು. ಹಂಗಾದ್ರ ನನ್ನೂ ಅದ ಟೆಂಪೋದಾಗ ಕುಂದ್ರಿಸ್ರಿ, ದಾರ್ಯಾಗ ಸಂಡೂರಾಗ ತವರುಮನಿ ಮುಂದ ಇಳೀತೀನಿ ಅಂದ್ಲು.

ಅತ್ತಿ ಹೂಬತ್ತಿ ಹೊಸ್ಕೊಂತ ಅಂದ್ಲು, "ಕಂಪ್ಲಿ ದಾರ್ಯಾಗ ಸಂಡೂರು ಬರಂಗಿಲ್ಲವಾ, ಬಸ್ಸಿಗೆ ಹೋಗು."

ಪೇಪರ ಮ್ಯಾಲೆ

ಸೊಸಿ ಮೊಬೈಲ್ದಾಗ ವಿಡಿಯೋ ನೋಡಿ, ಪೇಪರ ಹಾಸಿ ಕಲಿಸ್ಬೇಕಂತ ಅಂದ್ಲು. ಪಡಸಾಲಿ ಮೂಲ್ಯಾಗ ಪೇಪರ ಹಾಸಿದ್ರು. ಕೆಂಪ ಭಾಳ ಶ್ಯಾಣ್ಯಾ. ಎರಡು ದಿನದಾಗ ಕಲ್ತುಬಿಡ್ತು. ಪೇಪರ ಕಂಡ್ರ ಸಾಕು, ಸುತ್ತು ಹೊಡೆದು, ನಟ್ಟನಡುವ ಕುಂತು, ಮುಗಿಸಿ ಬರ್ತಿತ್ತು. ಸೊಸಿ ಮುಖದಾಗ ಕಳಿ ಬಂತು, ಇನ್ನು ಟೆಂಪೋ ಬಂದ್ರೂ ಅಂಜಿಕಿ ಇಲ್ಲ ಅಂತ.

ಸೋಮವಾರ ಅತ್ತಿ ಭಜನಿ ಮಂದಿ ಬಂದ್ರು. ನಾನೂ ಹೋಗಿದ್ದೆ, ಭಜನಿಗೆ ಅಲ್ಲ, ಆಮ್ಯಾಲೆ ಕೊಡೋ ಮಂಡಕ್ಕಿ ಮಿರ್ಚಿಗೆ. ನಮ್ಮ ಕಡಿ ಪ್ಲೇಟು ಗೀಟು ಎಲ್ಲಿ, ನೆಲಕ್ಕ ಪೇಪರ ಹಾಸಿ, ಒಗ್ಗರಣಿ ಮಂಡಕ್ಕಿ ಗುಡ್ಡಿ ಸುರುವಿ, ಸುತ್ತ ಕುಂತು ತಿನ್ನೋದು. ಎಲ್ರೂ ಕೈ ಹಾಕೀವಿ, ಕೆಂಪ ಒಳಗಿಂದ ಬಂತು. ಪೇಪರ ನೋಡ್ತು. ನಾವು ಯಾರೂ ಕಾಣ್ಲಿಲ್ಲ ಅದಕ್ಕ. ಶಿಸ್ತಿಲೆ ಒಂದು ಸುತ್ತು ಹೊಡೀತು, ಖಾಲಿ ಇದ್ದ ಅಂಚಿನ್ಯಾಗ ಕುಂತ್ತು, ಕಣ್ಣು ಮುಚ್ತು.

ಅತ್ತಿ ಮುಖ ನೋಡ್ಬೇಕಾಗಿತ್ತು ನೀನು. ಎಲ್ರೂ ಸೆರಗು ಒತ್ಕೊಂಡು ಎದ್ವಿ. ಕೊನಿಮನಿ ಮುದುಕಿ ಮಾತ್ರ ಏಳ್ಲಿಲ್ಲ. ಎದ್ದೇಳಬೇ ಅಂದ್ರ ಮಿರ್ಚಿ ಕಡ್ಕೊಂತ ಅಂದ್ಲು, "ಇರ್ರಿ, ಇನ್ನೂ ನನ್ನ ಕಡಿ ಹರಿದು ಬಂದಿಲ್ಲ."

ಸೀಟಿ

ಪೇಪರು ಬಂದ್ ಆತು. ಈಗ ಮಗ ಹುರುಪಿಗೆ ಬಂದ. ನಾ ಕಲಿಸ್ತೀನಿ, ಮೈನ್ಸಿನ್ಯಾಗ ಮದ್ದು ಹಾರಿಸೋಕಿಂತ ಮೊದ್ಲು ಸೀಟಿ ಊದ್ತೀವಿ, ಎಂಥಾ ದಡ್ಡ ಲೇಬರ್ರೂ ಓಡಿ ಹೊರಗ ಹೋಗ್ತಾನ, ಇದೇನು ದೊಡ್ಡದು ಅಂದ. ಮುಂಜಾನಿ ಸಂಜಿ ಮರೀನ ರಸ್ತಿ ಬಾಜೂಕ ಒಯ್ದು ಸೀಟಿ ಊದೋದು, ಅದು ಉಚ್ಚಿಗೆ ಕುಂತ್ರ ಬೆನ್ನು ಸವರೋದು. ವಾರದಾಗ ಎಂಥಾ ಪಾಡು ಆತಂದ್ರ, ಸೀಟಿ ಊದೋದ ತಡ, ಕೆಂಪ ಕುಂದ್ರತಿತ್ತು.

ತಪ್ಪೇನಾತು ಹೇಳು. ಅಂವ ಸೀಟಿ ಅಂದ್ರ ಹೊರಗ ಹೋಗ್ಬೇಕು ಅಂತ ಕಲಿಸಿನಿ ಅನ್ಕೊಂಡಿದ್ದ. ನಾಯಿ ಕಲ್ತಿದ್ದು, ಸೀಟಿ ಅಂದ್ರ ಕುಂದ್ರಬೇಕು, ಎಲ್ಲಿದ್ರೂ.

ಸೊಸಿ ಬ್ಯಾಳಿಗೆ ಕುಕ್ಕರ್ ಇಟ್ಲು. ಒಂದು ಸೀಟಿ ಹೊಡೀತು, ಕೆಂಪ ಅಡಗಿಮನಿ ಬಾಗಲ್ದಾಗ ಕುಂತ್ತು. ಎರಡನೇದು ಹೊಡೀತು, ಪಡಸಾಲ್ಯಾಗ ಕುಂತ್ತು. ಸೊಸಿ ಒಂದು ಕೈಯಾಗ ಒರಸೋ ಅರಿಬಿ, ಇನ್ನೊಂದು ಕೈಯಾಗ ಕುಕ್ಕರ್ ಹಿಡ್ಕೊಂಡು ಯಾವುದು ಮೊದ್ಲು ಅಂತ ತಿಳೀದ ನಿಂತಿದ್ಲು. ಮರುದಿನದಿಂದ ಅಡಗಿ ಹೊತ್ತಿನ್ಯಾಗ ಮರೀನ ನಮ್ಮ ಕಟ್ಟಿ ಮುಂದ ತಂದು ಬಿಡಾಕ ಸುರು ಮಾಡಿದ್ಲು. ಇಲ್ಲಿ ಇನ್ನೂ ಕಷ್ಟ, ಓಣಿ ಎಲ್ಲಾ ಮನಿ ಕುಕ್ಕರೂ ಕೇಳ್ತಾವು. ಹೊಟ್ಟ್ಯಾಗ ಹನಿ ನೀರು ಉಳೀಲಿಲ್ಲಾಂದ್ರೂ ಪಾಪ, ಮರ್ಯಾದಿಗೆ ಅಂತ ಕುಂತು ಏಳ್ತಿತ್ತು. ನಿಮ್ಮ ಕುಕ್ಕರ್ ಸ್ವಲ್ಪ ದಿನ ಬಂದ್ ಮಾಡ್ರಿ ಅಂತ ಸೊಸಿ ಕೈ ಮುಗಿದ್ಲು. ನಿನ್ನ ನಾಯಿ ಸಲುವಾಗಿ ನಾನು ಗಡಿಗ್ಯಾಗ ಬ್ಯಾಳಿ ಕುದಿಸ್ಕೊಂತ ಕುಂದ್ರಬೇಕೇನು ಅಂದೆ.

ಖರೆ ಹೇಳ್ಬೇಕಂದ್ರ ನಮಗ ಅನುಕೂಲನ ಇತ್ತು. ಹೊರಗ ಮಾತಾಡ್ಕೊಂತ ಕುಂತಾಗ ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತ ನಾಯಿ ನೋಡಿ ಲೆಕ್ಕ ಹಿಡೀತಿದ್ವಿ.

ಬಿಸ್ಕಿಟು

ಸೊಸಿ ಅಣ್ಣ ಕಡ್ಡಿರಾಂಪುರದಾಗ ಹೋಂಸ್ಟೇ ನೋಡ್ಕೊಂತಾನ. ತಂಗಿ ಫೋನಿನ್ಯಾಗ ಅತ್ತಿದ್ದಕ್ಕ ಅಂವ ಬಂದು ಬುದ್ಧಿ ಹೇಳಿದ. ಹಂಪಿ ನೋಡಾಕ ಬರೋ ಫಾರಿನ್ ಮಂದಿ ಅವರ ಊರಾಗ ನಾಯಿ ಹೊರಗ ಮಾಡಿದ್ರ ಬಿಸ್ಕಿಟು ಕೊಡ್ತಾರಂತ, ಬಯ್ಯಂಗಿಲ್ಲ, ಹೊಡ್ಯಂಗಿಲ್ಲ, ನೀವೂ ಹಂಗ ಮಾಡ್ರಿ ಅಂದ. ಮಾಡಿದ್ರು. ಗೇಟಿನ ಹೊರಗ ಮಾಡಿದ್ರ ಒಂದು ಬಿಸ್ಕಿಟು.

ಕೆಂಪ ಏನು ಮಾಡ್ತು? ಗೇಟಿನ ಹೊರಗ ಒಂದು ಹನಿ ಬಿಡೋದು, ಬಿಸ್ಕಿಟು ತಿನ್ನೋದು. ಇನ್ನೊಂದು ಹನಿ, ಇನ್ನೊಂದು ಬಿಸ್ಕಿಟು. ಪಾಕೀಟು ಖಾಲಿ ಆದ್ಮ್ಯಾಲೆ ಉಳಿದಿದ್ದೆಲ್ಲ ಒಳಗ ಬಂದು ಹೊಯ್ಯೋದು.

ಅಷ್ಟ್ರಾಗ ಸುದ್ದಿ ಹಬ್ಬಿತ್ತು. ನಾಯಿಗೋಳಿಗೆ ಯಾರು ಹೇಳಿದ್ರೋ, ನಾನಂತೂ ಅಲ್ಲ. ಮುಂಜಾನಿ ನೋಡಿದ್ರ ಚಿತ್ತವಾಡ್ಗಿ ಬೀದಿನಾಯಿ ಎಲ್ಲಾ ಅವರ ಗೇಟಿನ ಮುಂದ ಬಂದು ನಿಂತಾವು. ಒಂದೊಂದ ಬರ್ತಿತ್ತು, ಕಾಲು ಎತ್ತುತಿತ್ತು, ಸೊಸಿ ಮುಖ ನೋಡ್ತಿತ್ತು. ಸೊಸಿ ಹೆದರಿ ಎಲ್ಲಕ್ಕೂ ಬಿಸ್ಕಿಟು ಹಾಕ್ಕೊಂತ ಹೋದ್ಲು.

ಒಬ್ಬ ಆಟೋದಾಂವ ಅವರ ಕಾಂಪೌಂಡಿಗೆ ದಿನಾ ನಿಂದ್ರತಿದ್ದ, ಗಂಡಸರ ಚಟ ಗೊತ್ತಲ್ಲ. ಅವತ್ತು ಮುಗಿಸಿ ಪ್ಯಾಂಟು ಸರಿ ಮಾಡ್ಕೊಂತ ಗೇಟಿಗೆ ಬಂದು ಕೇಳಿದ, "ಅಕ್ಕಾರ, ನಾ ಇಷ್ಟು ದಿನದಿಂದ ಇಲ್ಲೇ ಮಾಡಾಕತ್ತೀನಿ. ನನಗ ಒಂದೂ ಕೊಡ್ಲಿಲ್ಲಲ್ರಿ."

ಟೆಂಪೋ ಬಂತು

ಕಂಪ್ಲಿ ಅಣ್ಣ ಬಂದೇಬಿಟ್ಟ. ಬಿಳೇ ಧೋತರ, ರೈಸ್ ಮಿಲ್ ಗತ್ತು. ನಾನು ಮಜ್ಜಿಗಿ ಹೆಪ್ಪಿಗೆ ಅಂತ ಬಟ್ಲ ಹಿಡ್ಕೊಂಡು ಹೋಗಿ ಅಲ್ಲೇ ನಿಂತಿದ್ದೆ. ಸೊಸಿ ಕೆಂಪನ್ನ ಎತ್ಕೊಂಡು ಮೂಲ್ಯಾಗ ನಿಂತಿದ್ಲು, ಹಿಂದ ಆಕಿ ಬ್ಯಾಗು, ಬಟ್ಟಿ ತುಂಬಿ ತಯಾರು. ಮಗ ಒಮ್ಮಿ ನಾಯಿ ನೋಡ್ತಾನ, ಒಮ್ಮಿ ಬ್ಯಾಗು ನೋಡ್ತಾನ.

ಅಣ್ಣ ಕುರ್ಚಿ ಮ್ಯಾಲೆ ಕುಂತು, ಎಲ್ಲವಾ ನಿನ್ನ ನಾಯಿ, ಬೆಳಿಗ್ಗೆ ಹೋಗುವಾಗ ಹಾಕ್ಕೊಂಡು ಹೋಗ್ತೀನಿ, ಮನ್ಯಾಗ ಉಚ್ಚಿ ಹೊಯ್ಯೋದು ಬಿಟ್ಟೈತೋ ಇಲ್ಲೋ ಅಂದ. ಕೆಂಪ ಸೊಸಿ ಕೈಯಿಂದ ಜಾರಿ ಇಳೀತು, ಸೀದಾ ಅಂವನ ಕಾಲಿನ ಹತ್ರ ಹೋತು, ಅಲ್ಲೇ ಬಿಡ್ತು. ಧೋತರದ ಅಂಚು ತೊಯ್ತು, ಆಮ್ಯಾಲೆ ಅಣ್ಣ ಬಗ್ಗಿ ನೋಡಿದ.

ಸೊಸಿ ಬ್ಯಾಗಿಗೆ ಕೈ ಹಾಕಿದ್ಲು.

ಆವಾಗ ನೀರಿನ ತಂಬಿಗಿ ಹಿಡ್ಕೊಂಡು ಬಾಜೂಕ ನಿಂತಿದ್ದ ಅತ್ತಿ ಅಂದ್ಲು, "ನಾಯಿ ಅಲ್ಲಪಾ ಅದು. ನಾನು."

ಅಣ್ಣ ಆಕಿ ಮುಖ ನೋಡಿದ. ಮಗ ನೋಡಿದ. ನಾನಂತೂ ಬಟ್ಲ ಬಿಡೋದು ಒಂದು ಬಾಕಿ. ಅತ್ತಿಗೂ ಆಮ್ಯಾಲೆ ತಿಳೀತು ತಾನು ಏನಂದೆ ಅಂತ. ನೀರು, ನೀರು ಚೆಲ್ಲಿದೆ ನಾನು, ಮರಿ ಎಲ್ಲಾ ಕಲ್ತೈತಿ, ಬೇಕಾದ್ರ ರಾತ್ರಿ ಇದ್ದು ನೋಡು ಅಂದ್ಲು. ಅಣ್ಣ ಧೋತರ ಹಿಂಡ್ಕೊಂತ ಅಂದ, ವಯಸ್ಸಾದ್ರ ಹಂಗ ಆಗ್ತೈತಿ ತಂಗಿ, ಹೊಸಪೇಟ್ಯಾಗ ಒಳ್ಳೇ ಡಾಕ್ಟರ್ ಅದಾರ.

ಹಿತ್ತಲದಾಗ

ಯಾಕಂದ್ಲು ಹಂಗ? ನಂಗೂ ತಿಳೀಲಿಲ್ಲ. ಸೊಸಿ ಹೋದ್ರ ಮಗನೂ ಹಿಂದ ಹೋಗ್ತಾನಂತ ಇರ್ಬೇಕು, ಇಲ್ಲಾ ಮರಿ ಮ್ಯಾಲೆ ಜೀವ ಹತ್ತಿರ್ಬೇಕು. ಮಧ್ಯಾಹ್ನ ಸೊಸಿ ಮಲಗಿದಾಗ ಅದನ್ನ ತೊಡಿ ಮ್ಯಾಲೆ ಹಾಕ್ಕೊಂಡು ಹೇನು ಆರಸ್ತಾಳ, ನಾ ನೋಡೀನಿ.

ಮರುದಿನ ಬೆಳಕು ಹರಿಯೋ ಹೊತ್ತಿಗೆ ನಾನು ಸಂಡಿಗಿ ಹಾಕಾಕ ಮಾಳಿಗಿ ಏರಿದ್ದೆ. ಈ ಕಡಿ ಬಿಸಿಲು ಜಲ್ದಿ ಬೀಳ್ತೈತಿ. ನಮ್ಮ ಮಾಳಿಗಿಂದ ಅವರ ಮನಿ ಬಾಜೂಕಿನ ಸಂದ್ಯಾಗ ಹಿತ್ತಲ ಕಾಣ್ತೈತಿ. ಕಾಣ್ಲಿಲ್ಲಾಂದ್ರ ಬಗ್ಗಿ ನೋಡ್ಬೇಕು, ಅಷ್ಟ. ನೋಡ್ತೀನಿ, ಅತ್ತಿ ಮರೀನ ಕಣಗಿಲ ಗಿಡದ ಬುಡಕ್ಕ ನಿಂದ್ರಿಸ್ಕೊಂಡು ಬೇಡ್ಕೊಳ್ಳಾಕತ್ತಾಳ. ಒಂದಾ ಮಾಡಪ್ಪಾ, ಬಂಗಾರ, ಮಾವ ಎದ್ದುಬಿಡ್ತಾನ ಅಂತಾಳ. ಸೀಟಿ ಊದಿದ್ರ ಅಣ್ಣ ಏಳ್ತಾನ. ಕೆಂಪ ಬಾಲ ಅಲ್ಲಾಡಿಸ್ಕೊಂತ ಆಕಿ ಮುಖ ನೋಡ್ತೈತಿ.

ಅತ್ತಿ ಅತ್ಲಾಗ ನೋಡಿದ್ಲು, ಇತ್ಲಾಗ ನೋಡಿದ್ಲು. ಮ್ಯಾಲೆ ನೋಡ್ಲಿಲ್ಲ. ಸೀರಿ ನಿರಿಗಿ ಹಿಡ್ಕೊಂಡು ಮರಿ ಎದುರಿಗೆ ಕುಕ್ಕರಗಾಲಾಗ ಕುಂತ್ಲು. ಕುಂತು, ಕೂಸಿಗೆ ಅಂತೀವಲ್ಲ, ಹಂಗ "ಸ್ಸ್ಸ್, ಸ್ಸ್ಸ್" ಅಂತ ಸುರು ಮಾಡಿದ್ಲು. ಬರೇ ಬಾಯಾಗ ಅಂದ್ಲೋ, ಪೂರ್ತಿ ಮಾಡೇ ತೋರಿಸಿದ್ಲೋ, ಅದನ್ನ ನಾ ಹೇಳಂಗಿಲ್ಲ. ಹಿರೇರ ಮರ್ಯಾದಿ. ಕೆಂಪ ಕುತ್ತಿಗಿ ಓರಿ ಮಾಡಿ ನೋಡ್ತು ನೋಡ್ತು, ಆಕಿ ಪಕ್ಕದಾಗ ಹೋಗಿ ಕುಂತ್ತು, ಕೊಡಗಟ್ಲೆ ಬಿಡ್ತು. ಅತ್ತಿ ಸಂತೋಷಕ್ಕ ಮುಖ ಮ್ಯಾಲೆತ್ತಿ ಶಿವಾ ಅಂದ್ಲು.

ಶಿವ ಇರೋ ಜಾಗದಾಗ ನಾನಿದ್ದೆ.

ಟೆಂಪೋ ಖಾಲಿ ಹೋತು. ಸೊಸಿ ಬ್ಯಾಗು ಬಿಚ್ಚಿದ್ಲು. ಅವತ್ತಿಂದ ಕೆಂಪ ಒಂದು ಹನಿ ಒಳಗ ಬಿಟ್ಟಿಲ್ಲ. ಸೊಸಿ ತಾನ ಕಲಿಸೀನಿ ಅಂತ ಓಣ್ಯಾಗ ಹೇಳ್ಕೊಂತ ತಿರುಗ್ತಾಳ. ಆದ್ರ ತಂಗಿ, ನಾಯಿ ಕಲ್ತಿದ್ದು ಏನು ಗೊತ್ತೇನು? ಅತ್ತಿ ಎದುರಿಗೆ ಕುಂತ್ರನ ಅದು ಕುಂದ್ರೋದು. ಮುಂಜಾನಿ, ಸಂಜಿ, ಮಳಿ ಇದ್ರೂ. ಅಣ್ಣನ ಮಗಳ ಮದ್ವಿಗೆ ಕಂಪ್ಲಿಗೆ ಹೋಗಂಗಿಲ್ಲ, ಮಂಡಿನೋವು ಅಂತಾಳ. ದಿನಾ ಹಂಗ ಕುಂತೆದ್ರ ಮಂಡಿ ನೋಯದ ಇರ್ತೈತೇನು?

ನಾನು ಯಾರಿಗೂ ಹೇಳಂಗಿಲ್ಲ ಅಂತ ಆಕಿಗೆ ಮಾತು ಕೊಟ್ಟೀನಿ. ಅದಕ್ಕ ದಿನಾ ಬದನಿಕಾಯಿ ಎಣ್ಣಿಗಾಯಿ, ರೊಟ್ಟಿ ಬರ್ತಾವು ನಮ್ಮನಿಗೆ. ನಿನ್ನೆ ಹೋಳಿಗಿ ಬಂತು, ನೀ ಈಗ ತಿನ್ನಾಕತ್ತಿದ್ದು ಅದ. ಈ ಸುದ್ದಿ ಹೊರಗ ಹೋತಂದ್ರ ನಾ ಮತ್ತ ಒಲಿ ಮುಂದ ಕುಂದ್ರಬೇಕು, ಅದಕ್ಕ ನಿನ್ನ ಹತ್ರ ಆಣಿ ಮಾಡ್ಸಿದ್ದು. ಇನ್ನೊಂದು ಕೇಳು, ಮೊನ್ನೆ ಮಳ್ಯಾಗ ಅತ್ತಿ ಒಂದು ಕೈಯಾಗ ಛತ್ರಿ ಹಿಡ್ಕೊಂಡು ಹಿತ್ತಲದಾಗ—

ತಡಿ, ಗೇಟು ಸಪ್ಪಳಾತು, ಕಿಟಿಕ್ಯಾಗ ನೋಡ್ತೀನಿ. ಆಕಿನ. ಕೈಯಾಗ ಡಬ್ಬಿ ಐತಿ, ಹಿಂದ ಕೆಂಪನೂ ಐತಿ. ನಗಬ್ಯಾಡ, ಬಾಯಿ ಒರಸ್ಕೋ. ಬರ್ರಿ ಅಕ್ಕಾರ, ಬರ್ರಿ, ಇಲ್ಲೇ ಕುಂದ್ರಿ... ಅಯ್ಯ, ಅಲ್ಲ, ಕುಂದ್ರಬ್ಯಾಡ್ರಿ, ಮರಿ ನೋಡಾಕತ್ತೈತಿ.